ಹಳೇ ಫೀಚರು ಕೀಳುವ ಕೈಪಿಡಿ: ಬಾಗಲಗುಂಟೆ ಆವೃತ್ತಿ

ಈ ಕೈಪಿಡಿ ಯಾರಿಗೆ

ವರ್ಚುವಲ್ ಮೆಷಿನ್ ಓಡಿಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಅನ್ನುತ್ತಾರೆ. ಅದರೊಳಗೆ ಯಾರೂ ಮುಟ್ಟದೆ ಧೂಳು ಹಿಡಿದ ಹಳೇ ಪ್ರೊಸೆಸರ್ ಫೀಚರುಗಳನ್ನು ಕಿತ್ತುಹಾಕುವ ಕೆಲಸ ನಿಮ್ಮ ತಲೆಗೆ ಬಂದಿದ್ದರೆ ಈ ಕೈಪಿಡಿ ನಿಮಗೆ. ನೀವು ಹೆಬ್ಬಾಳದ ಕಡೆಯ ಯಾವುದೋ ಗಾಜಿನ ಕಟ್ಟಡದಲ್ಲಿ ಕೂತಿರಬಹುದು, ಇಲ್ಲವೇ ಬಾಗಲಗುಂಟೆಯ ಎಂಇಐ ಲೇಔಟಿನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತ ಬಾಲ್ಕನಿಯಲ್ಲಿ ಕೂತಿರಬಹುದು. ಎರಡನೆಯದೇ ಮೇಲು. ಅಲ್ಲಿಂದ ಪೀಣ್ಯ ಹತ್ತಿರ. ನೀವು ಅಳಿಸಲು ಹೊರಟ ಸಾಲುಗಳನ್ನು ನೆಚ್ಚಿಕೊಂಡ ಯಂತ್ರ ಎಲ್ಲಾದರೂ ಉಳಿದಿದ್ದರೆ ಅದು ಪೀಣ್ಯದ ಯಾವುದೋ ಶೆಡ್ಡಿನ ಮೂಲೆಯಲ್ಲಿ ಇರುವ ಸಂಭವ ಜಾಸ್ತಿ.

ಬೇಕಾಗುವ ಸಾಮಾನು

ಕೋಡಿನ ಒಂದು ಪ್ರತಿ. ಇಂಟೆಲ್ ಮತ್ತು ಎಎಂಡಿಯವರ ಕೈಪಿಡಿಗಳು. ಇಂಟೆಲ್‌ನವರದು ಎಲ್ಲ ಸಂಪುಟ ಸೇರಿ ಐದು ಸಾವಿರ ಪುಟದ ಆಸುಪಾಸು, ಜೆರಾಕ್ಸ್ ಅಂಗಡಿಗೆ ಒಯ್ಯಬೇಡಿ. ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡಿ ತಂದ ಒಂದು ಹಳೇ ಪಿಸಿ. ನಾಗಸಂದ್ರದಿಂದ ಪೀಣ್ಯ ಇಂಡಸ್ಟ್ರಿ ನಿಲ್ದಾಣಕ್ಕೆ ಹೋಗಿಬರಲು ಮೆಟ್ರೊ ಕಾರ್ಡಿನಲ್ಲಿ ದುಡ್ಡು. "ಮುಂಚೆ ಓಡ್ತಿತ್ತಲ್ಲ ಸಾರ್" ಎಂಬ ಮಾತನ್ನು ಎಷ್ಟು ಸಲ ಹೇಳಿದರೂ ಕೇಳಿಸಿಕೊಳ್ಳುವ ತಾಳ್ಮೆ.

ಮೊದಲು ಇದನ್ನು ಓದಿ

ವರ್ಚುವಲ್ ಮೆಷಿನ್ ಒಳಗೆ ಓಡುವ ಆಪರೇಟಿಂಗ್ ಸಿಸ್ಟಮ್ಮಿಗೆ ಗೆಸ್ಟ್ ಎಂದು ಹೆಸರು. ಗೆಸ್ಟ್ ಕಣ್ಣುಬಿಟ್ಟ ಕೂಡಲೇ ಪ್ರೊಸೆಸರನ್ನು ಕೇಳುತ್ತದೆ: ನೀನು ಯಾರು, ನಿನಗೆ ಏನೇನು ಬರುತ್ತೆ? ಹೀಗೆ ಕೇಳುವ ಆದೇಶದ ಹೆಸರು ಸಿಪಿಯುಐಡಿ. ಇಂಟೆಲ್‌ನ ವಿಟಿ-ಎಕ್ಸ್ ಎಂಬ ವರ್ಚುವಲೈಸೇಶನ್ ನೆರವು ಇರುವ ಯಂತ್ರದಲ್ಲಿ ಈ ಪ್ರಶ್ನೆಗೆ ಪ್ರೊಸೆಸರ್ ನೇರವಾಗಿ ಬಾಯಿ ಬಿಡುವುದೇ ಇಲ್ಲ. ಪ್ರತಿ ಸಲವೂ ಪ್ರಶ್ನೆ ಹೈಪರ್‌ವೈಸರ್ ಕೈಗೆ ಬರುತ್ತದೆ, ಉತ್ತರ ಅದೇ ಕೊಡುತ್ತದೆ. ಹುಡುಗನನ್ನು ಕೇಳಿದ್ದಕ್ಕೆ ಮದುವೆ ದಲ್ಲಾಳಿ ಉತ್ತರ ಹೇಳುವ ವ್ಯವಹಾರ ಇದು. ಇರುವ ಗುಣವನ್ನು ಇಲ್ಲ ಎಂದರೆ ನಡೆದುಹೋಗುತ್ತದೆ. ಇಲ್ಲದ ಗುಣವನ್ನು ಇದೆ ಎಂದರೆ ಮಾತ್ರ ಮದುವೆಯಾದ ಮೇಲೆ ದಲ್ಲಾಳಿಯೇ ಹೋಗಿ ಆ ಕೆಲಸ ಮಾಡಿಕೊಡಬೇಕು. ಇದಕ್ಕೆ ನಮ್ಮ ಕಸುಬಿನಲ್ಲಿ ಎಮ್ಯುಲೇಶನ್ ಎನ್ನುತ್ತಾರೆ.

ಇಲ್ಲದ ಯಂತ್ರವನ್ನು ಇದೆ ಎಂದು ನಂಬಿಸುವುದೇ ಹೈಪರ್‌ವೈಸರ್‌ನ ಹೊಟ್ಟೆಪಾಡು. ಹಾಗಾಗಿ ಇಲ್ಲಿ ಒಂದು ಫೀಚರು ಕೀಳುವುದು ಎಂದರೆ ಒಮ್ಮೆ ಕೊಟ್ಟ ಮಾತನ್ನು ವಾಪಸ್ ತೆಗೆದುಕೊಳ್ಳುವುದು. ಯಾರ್ಯಾರಿಗೆ ಕೊಟ್ಟಿದ್ದೆವು ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಕೋಡ್ ಅಳಿಸುವುದು ಈ ಕೆಲಸದ ಅತಿ ಸಣ್ಣ ಭಾಗ. ಮುಂದೆ ಹಂತ 4ಕ್ಕೆ ಬಂದಾಗ ನಿಮಗೇ ಗೊತ್ತಾಗುತ್ತದೆ.

ಹಂತ 1: ಯಾವುದನ್ನು ಕೀಳಬೇಕೆಂದು ಆರಿಸಿ

ಹೊಸಬರಾದರೆ ಅಳುವವರಿಲ್ಲದ್ದನ್ನು ಆರಿಸಿ. ಇಟಾನಿಯಂ ಒಳ್ಳೆಯ ಉದಾಹರಣೆ. 2001ರಲ್ಲಿ ಭಾರೀ ಸದ್ದು ಮಾಡಿ ಬಂದ ಪ್ರೊಸೆಸರ್ ಅದು. ಲಿನಕ್ಸ್‌ನ ಹೈಪರ್‌ವೈಸರ್ ಕೆವಿಎಂನಲ್ಲಿ ಅದಕ್ಕಿದ್ದ ಬೆಂಬಲವನ್ನು 2015ರ 3.19 ಆವೃತ್ತಿಯಲ್ಲೇ ತೆಗೆದರು. ಪೂರಾ ಇಟಾನಿಯಂ ಬೆಂಬಲವೇ 2024ರ ಜನವರಿಯಲ್ಲಿ ಬಂದ 6.7ರಿಂದ ಹೊರಬಿತ್ತು. ಎಂಟನೇ ಮೈಲಿಯಲ್ಲಿ ಯಾರೂ ಟೀ ಲೋಟ ಕೆಳಗಿಡಲಿಲ್ಲ.

ಸ್ವಲ್ಪ ಕೈ ಪಳಗಿದ ಮೇಲೆ ಎಂಪಿಎಕ್ಸ್ ಎತ್ತಿಕೊಳ್ಳಿ. ಪ್ರೋಗ್ರಾಂ ತನ್ನ ಪಾಲಿನ ಮೆಮೊರಿಯ ಎಲ್ಲೆ ದಾಟದಂತೆ ಯಂತ್ರವೇ ಕಾಯಲಿ ಎಂದು ಇಂಟೆಲ್ ಇದನ್ನು 2015ರ ಸ್ಕೈಲೇಕ್ ಪ್ರೊಸೆಸರಿನಲ್ಲಿ ತಂದಿತು. ಉದ್ದೇಶ ಚೆನ್ನಾಗಿತ್ತು. ಎಲ್ಲೆಗಳನ್ನು ಬರೆದಿಡಲು ನಾಲ್ಕು ಹೊಸ ರಿಜಿಸ್ಟರು, ಅವು ಸಾಲದಿದ್ದಾಗ ಮೆಮೊರಿಯಲ್ಲೇ ದೊಡ್ಡ ಕೋಷ್ಟಕ. ಓಡಿಸಿ ನೋಡಿದಾಗ ಮೆಮೊರಿ ಬಹಳ ತಿಂದಿತು, ವೇಗವೂ ಬಿತ್ತು. ಯಂತ್ರದ ನೆರವಿಲ್ಲದೆ ಬರಿಯ ತಂತ್ರಾಂಶದಿಂದ ಕಾಯುವ ಉಪಾಯಗಳೇ ಕೆಲಸಕ್ಕೆ ಬಂದವು. ಜಿಸಿಸಿ ಕಂಪೈಲರ್ 2019ರ 9ನೇ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿತು, ಲಿನಕ್ಸ್ ಕರ್ನಲ್ 2020ರ 5.6ರಲ್ಲಿ. ಹುಟ್ಟಿ ಐದು ವರ್ಷಕ್ಕೆ ತಿಥಿ. ಸರ್ಕಾರಿ ಯೋಜನೆಗಳೂ ಇದಕ್ಕಿಂತ ಹೆಚ್ಚು ಬಾಳುತ್ತವೆ.

ಎಂಪಿಎಕ್ಸ್‌ನ ಒಂದು ಸೂಕ್ಷ್ಮ ಹೇಳಲೇಬೇಕು. ಅದರ ಆದೇಶಗಳನ್ನು ಹಳೇ ಪ್ರೊಸೆಸರುಗಳು "ಏನೂ ಮಾಡಬೇಡ" ಎಂದು ಓದಿಕೊಳ್ಳುವ ಹಾಗೆ ಬರೆದಿದ್ದರು. ಇದರಿಂದ ಒಂದೇ ಪ್ರೋಗ್ರಾಂ ಹೊಸ ಯಂತ್ರದಲ್ಲೂ ಹಳೆಯದರಲ್ಲೂ ಓಡುತ್ತಿತ್ತು. ನೀವು ಎಂಪಿಎಕ್ಸ್ ಕಿತ್ತ ದಿನ ಗೆಸ್ಟ್‌ನಲ್ಲಿ ನೀಲಿ ಪರದೆಯೂ ಬರುವುದಿಲ್ಲ, ಎರರ್ ಮೆಸೇಜೂ ಬರುವುದಿಲ್ಲ. ಎಲ್ಲ ನೆಟ್ಟಗೆ ಓಡುತ್ತಿರುತ್ತದೆ, ಕಾವಲು ಮಾತ್ರ ಇರುವುದಿಲ್ಲ. ನಮ್ಮ ಕಸುಬಿನಲ್ಲಿ ಸದ್ದು ಮಾಡಿ ಬೀಳುವುದು ಯಾವಾಗಲೂ ಒಳ್ಳೆಯದು. ಸದ್ದಿಲ್ಲದೆ ಬಿಟ್ಟುಹೋಗುವ ಫೀಚರನ್ನು ಕೀಳುವಾಗ ನೋಟೀಸಿಗೆ ಎರಡು ಸಾಲು ಹೆಚ್ಚು ಬರೆಯಿರಿ.

ಇನ್ನು ತ್ರೀಡಿ-ನೌ. 1998ರಲ್ಲಿ ಎಎಂಡಿಯ ಕೆ6-2 ಜೊತೆ ಬಂತು. ಆ ಕಾಲದಲ್ಲಿ ಎಸ್‌ಪಿ ರೋಡಿನಲ್ಲಿ ಅಸೆಂಬಲ್ ಮಾಡಿಸಿದ ಪಿಸಿ ಮನೆಗೆ ತಂದವರಿಗೆ ಈ ಹೆಸರು ಡಬ್ಬದ ಮೇಲೆ ಕಂಡ ನೆನಪಿರಬಹುದು. ಮುಂದಿನ ಪ್ರೊಸೆಸರುಗಳಲ್ಲಿ ಇದು ಇರುವುದಿಲ್ಲ ಎಂದು ಎಎಂಡಿ 2010ರಲ್ಲಿ ತಾನೇ ಹೇಳಿತು. ಬೇರುಸಹಿತ ಕೀಳಬಹುದು ಅಂದುಕೊಂಡಿರಾ? ತಾಳಿ. ಆ ಗುಂಪಿನ ಎರಡು ಆದೇಶಗಳನ್ನು, ಮುಂದೆ ಬೇಕಾಗುವ ಮಾಹಿತಿಯನ್ನು ಮೊದಲೇ ತಂದಿಟ್ಟುಕೊಳ್ಳುವ ಪ್ರಿಫೆಚ್ ಮತ್ತು ಪ್ರಿಫೆಚ್‌ಡಬ್ಲ್ಯೂ, ಎಎಂಡಿ ಉಳಿಸಿಕೊಂಡಿತು. ಎರಡನೆಯದನ್ನು ಆಮೇಲೆ ಇಂಟೆಲ್ ಕೂಡ ಸೇರಿಸಿಕೊಂಡಿತು, 64 ಬಿಟ್ ವಿಂಡೋಸ್ 8.1 ಅದು ಇಲ್ಲದೆ ಓಡುವುದಿಲ್ಲ ಎಂದಿತು. ಮನೆ ಕೆಡವಿದರೂ ಮೀಟರ್ ಬೋರ್ಡಿನ ಗೋಡೆ ಬಿಡಬೇಕು. ತ್ರೀಡಿ-ನೌ ಎಂದು ಹುಡುಕಿ ಸಿಕ್ಕಿದ್ದನ್ನೆಲ್ಲ ಅಳಿಸುವ ಉತ್ಸಾಹಿಗಳು ಇಲ್ಲಿ ಎಡವುತ್ತಾರೆ.

ಎ20 ಗೇಟ್ ಮಾತ್ರ ಹೊಸಬರು ಮುಟ್ಟಬಾರದು. ಅದರ ಕಥೆ ಕೇಳಿದರೆ ಯಾಕೆಂದು ತಿಳಿಯುತ್ತದೆ. 8086 ಪ್ರೊಸೆಸರಿಗೆ ವಿಳಾಸದ ತಂತಿ ಇಪ್ಪತ್ತು, ಸೊನ್ನೆಯಿಂದ ಹತ್ತೊಂಬತ್ತರ ತನಕ. ಅಷ್ಟರಲ್ಲಿ ತಲುಪಬಹುದಾದ ಮೆಮೊರಿ ಒಂದು ಮೆಗಾಬೈಟ್. ಅದಕ್ಕಿಂತ ಮುಂದೆ ಹೋದರೆ ಎಣಿಕೆ ತಿರುಗಿ ಸೊನ್ನೆಗೆ ಬರುತ್ತಿತ್ತು. ಕೆಲವು ಪ್ರೋಗ್ರಾಮರುಗಳು ಈ ತಿರುಗುವಿಕೆಯನ್ನೇ ನೆಚ್ಚಿಕೊಂಡು ಪ್ರೋಗ್ರಾಂ ಬರೆದರು. 1984ರಲ್ಲಿ ಐಬಿಎಂ 80286 ಹಾಕಿದ ಪಿಸಿ-ಎಟಿ ತಂದಾಗ ತಂತಿ ಇಪ್ಪತ್ನಾಲ್ಕಾಯಿತು, ಎಣಿಕೆ ತಿರುಗದೆ ಮುಂದಕ್ಕೆ ಹೋಯಿತು, ಹಳೇ ಪ್ರೋಗ್ರಾಂ ಮುಗ್ಗರಿಸುವ ಹಾಗಾಯಿತು. ಐಬಿಎಂನವರು ಹೊಸ ತಂತಿಗಳಲ್ಲಿ ಮೊದಲನೆಯದನ್ನು, ಅಂದರೆ ಎ20ಯನ್ನು, ಬೇಕೆಂದಾಗ ಮುಚ್ಚಿ ತೆರೆಯಲು ಒಂದು ಗೇಟು ಇಟ್ಟರು. ಅದನ್ನು ಆಡಿಸಲು ಒಂದು ಪಿನ್ ಬೇಕಿತ್ತು. ಕೀಬೋರ್ಡ್ ನೋಡಿಕೊಳ್ಳುವ ಚಿಪ್ಪಿನಲ್ಲಿ ಒಂದು ಮಿಕ್ಕಿತ್ತು, ಅದಕ್ಕೇ ಕಟ್ಟಿದರು.

ಹೀಗೆ ಮೆಮೊರಿಯ ಬೀಗದ ಕೈ ಕೀಬೋರ್ಡಿನ ಬಳಿ ಸೇರಿತು. ಈಗ ಡೇಟಾ ಸೆಂಟರಿನಲ್ಲಿ, ಕೀಬೋರ್ಡೇ ಇಲ್ಲದ ಸರ್ವರಿನೊಳಗೆ, ಇಲ್ಲದ ಪಿಸಿಯನ್ನು ನಟಿಸುವ ಕ್ಯೂಎಮು ಎಂಬ ತಂತ್ರಾಂಶ ಆ ಇಲ್ಲದ ಕೀಬೋರ್ಡ್ ಚಿಪ್ಪನ್ನೂ, ಅದರ ಪಿನ್ನನ್ನೂ ನಟಿಸುತ್ತಿದೆ. ಹೊಸ ಪ್ರೊಸೆಸರುಗಳಲ್ಲಿ ಎ20 ಮುಚ್ಚುವ ಪಿನ್ ಇಲ್ಲದಿರಬಹುದು ಎಂದು ಇಂಟೆಲ್‌ನ ಕೈಪಿಡಿಯೇ ಹೇಳುತ್ತದೆ. ಯಂತ್ರ ಬಿಟ್ಟಿದ್ದನ್ನು ಯಂತ್ರದ ವೇಷ ಹಾಕಿದವನು ಬಿಟ್ಟಿಲ್ಲ.

ಇದು ಯಾವುದೋ ದೇಶದ ಕಥೆ ಎಂದು ಬಾಗಲಗುಂಟೆಯವರು ಭುಜ ಹಾರಿಸುವ ಹಾಗೂ ಇಲ್ಲ. ವಿಪ್ರೊ 1980ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ರೂಪಿಸಿದ ಮಿನಿಕಂಪ್ಯೂಟರಿನ ಒಳಗಿದ್ದುದು ಇದೇ 8086. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾಗಿ ಮುಂದೆ ಟ್ಯಾಲಿ ಸೊಲ್ಯೂಷನ್ಸ್ ಆದ ಬೆಂಗಳೂರಿನ ಕಂಪನಿಯ ಲೆಕ್ಕದ ತಂತ್ರಾಂಶ ಮೊದಲು ಓಡಿದ್ದು ಡಾಸ್ ಮೇಲೆ. ಊರಿನ ಅಂಗಡಿಗಳ ಖಾತೆ-ಕಿರ್ದಿ ಕಂಪ್ಯೂಟರಿಗೆ ಹತ್ತಿದ್ದೇ ಹದಿನಾರು ಬಿಟ್ಟಿನ ಏಣಿಯಲ್ಲಿ. ಪಿಯು ಕಾಲೇಜಿನ ಲ್ಯಾಬಿನಲ್ಲಿ ಟರ್ಬೊ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆ ನೋಡಿದ ಮಕ್ಕಳಿಗೆ ಈಗಿನ್ನೂ ತಲೆಗೂದಲು ಬೆಳ್ಳಗಾಗಿಲ್ಲ. 64 ಬಿಟ್ ವಿಂಡೋಸ್ ಬಂದ ಮೇಲೆ ಆ ಪ್ರೋಗ್ರಾಂ ನೇರ ಓಡದಾದಾಗ ಲೆಕ್ಚರರುಗಳು ಡಾಸ್‌ಬಾಕ್ಸ್ ಹಾಕಿ ಅದನ್ನೇ ಓಡಿಸಿದರು. ಸಿಲಬಸ್ಸನ್ನು ಬದಲಾಯಿಸುವುದಕ್ಕಿಂತ ಯಂತ್ರವನ್ನು ನಟಿಸುವುದು ಸುಲಭ.

ಹಂತ 2: ಯಾರು ಬಳಸುತ್ತಿದ್ದಾರೆ ಎಂದು ಹೋಗಿ ನೋಡಿ

"ಇದನ್ನು ಯಾರೂ ಬಳಸುತ್ತಿಲ್ಲ" ಎಂದು ಪ್ಯಾಚಿನ ಜೊತೆ ಬರೆಯುವುದು ವಾಡಿಕೆ. ಅದನ್ನು ಬರೆಯುವ ಮುನ್ನ ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿಯಿರಿ.

ಯಾವುದಾದರೂ ಜಾಬ್ ವರ್ಕ್ ಶೆಡ್ಡಿಗೆ ಹೋಗಿ "ನಿಮ್ಮಲ್ಲಿ ವಿಎಂ ಇದೆಯಾ?" ಎಂದು ಕೇಳಬೇಡಿ. ಮಾಲೀಕರು ಹೆಮ್ಮೆಯಿಂದ ವಿಎಂಸಿ ತೋರಿಸುತ್ತಾರೆ, ಕಬ್ಬಿಣ ಕೊರೆಯುವ ಲಕ್ಷಾಂತರ ರೂಪಾಯಿಯ ಮೆಷಿನ್ನು. ಕೇಳಬೇಕಾದ್ದು ಹೀಗೆ: "ಅಣ್ಣ, ಯಾರೂ ಮುಟ್ಟಬಾರದು ಅಂತ ಚೀಟಿ ಅಂಟಿಸಿರೋ ಪಿಸಿ ಏನಾದ್ರೂ ಇದೆಯಾ?"

ಇರುತ್ತದೆ. ಹತ್ತಿರ ಹೋಗಿ ನೋಡಿ. ಕ್ಯಾಬಿನೆಟ್ ಒಂದು ಕಾಲದಲ್ಲಿ ಬಿಳಿ. ಮುಂಭಾಗದಲ್ಲಿ ಹೋದ ಆಯುಧಪೂಜೆಯ ವಿಭೂತಿ ಪಟ್ಟೆ, ನಡುವೆ ಕುಂಕುಮ, ಫ್ಲಾಪಿ ಡ್ರೈವಿನ ಬಾಯಿಗೆ ಸಿಕ್ಕಿಕೊಂಡ ಒಣ ಸೇವಂತಿಗೆಯ ಎಸಳು. ಕೀಬೋರ್ಡಿಗೆ ಪ್ಲಾಸ್ಟಿಕ್ ಕವರು, ಅದರ ಮೇಲೆ ಕೂಲೆಂಟ್ ಎಣ್ಣೆಯ ಜಿಡ್ಡು. ಎಂಟರ್ ಮತ್ತು ಎಫ್10 ಕೀಗಳ ಜಾಗ ಮಾತ್ರ ಒರೆಸಿದಂತೆ ಹೊಳೆಯುತ್ತದೆ, ಯಾಕೆಂದರೆ ಆಪರೇಟರ್ ಒತ್ತುವುದು ಅವೆರಡನ್ನೇ. ಹಿಂದುಗಡೆ ಪ್ರಿಂಟರ್ ಪೋರ್ಟಿಗೆ ಒಂದು ಡಾಂಗಲ್ ಸಿಕ್ಕಿಸಿ ಇನ್ಸುಲೇಶನ್ ಟೇಪು ಸುತ್ತಿದ್ದಾರೆ. ಅದು ಸಡಿಲವಾದರೆ ತಂತ್ರಾಂಶ ಲೈಸೆನ್ಸ್ ಇಲ್ಲ ಅನ್ನುತ್ತದೆ. ಸೀರಿಯಲ್ ಪೋರ್ಟಿನಿಂದ ಹೊರಟ ಕೇಬಲ್ಲು ನೆಲದ ಮೇಲೆ ಹರಿದು, ಎಚ್‌ಎಂಟಿ ಲೇತಿನ ಕಾಲು ಬಳಸಿ, ಪಕ್ಕದ ಸಿಎನ್‌ಸಿ ಮೆಷಿನ್ನಿನ ಬೆನ್ನಿಗೆ ಸೇರುತ್ತದೆ. ಪರದೆಯ ಮೇಲೆ ವಿಂಡೋಸ್ ಎಕ್ಸ್‌ಪಿ, ಅದರ ಒಳಗೆ ಕಪ್ಪು ಡಾಸ್ ಕಿಟಕಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಕೈಮುಗಿಯಿತು. ಇಲ್ಲಿ ಯಾರೂ ಮುಗಿದಿಲ್ಲ.

"ಅಪ್‌ಡೇಟ್ ಮಾಡಿಸಿಲ್ವಾ?" ಎಂದು ಕೇಳಿ ನೋಡಿ. "ಮೆಷಿನ್ ಚೆನ್ನಾಗಿದೆ, ಪಾರ್ಟು ಮೈಕ್ರಾನ್ ಲೆಕ್ಕದಲ್ಲಿ ಬರ್ತಿದೆ, ಯಾಕ್ ಸಾರ್ ಮುಟ್ಬೇಕು?" ಉತ್ತರ ಸರಿಯಾಗಿಯೇ ಇದೆ. ಲೇತಿಗೆ ಎಣ್ಣೆ ಹಾಕಿದರೆ ನಲವತ್ತು ವರ್ಷ ತಿರುಗುತ್ತದೆ. ಕಂಪ್ಯೂಟರಿಗೂ ಅದೇ ನ್ಯಾಯ ಬೇಕೆಂದು ಅವರು ಕೇಳಿದರೆ ತಪ್ಪು ಅವರದಲ್ಲ. ಈ ಪಿಸಿಗೆ ತ್ರೀಡಿ-ನೌ ಗೊತ್ತಿಲ್ಲ, ಎಂಪಿಎಕ್ಸ್ ಗೊತ್ತಿಲ್ಲ, ನೀವು ಏನು ಕಿತ್ತರೂ ಇವತ್ತು ಅದಕ್ಕೆ ಏನೂ ಆಗುವುದಿಲ್ಲ. ಇಲ್ಲಿ ಹೈಪರ್‌ವೈಸರೇ ಇಲ್ಲ.

ಹಾಗಾದರೆ ಇಲ್ಲಿಗೆ ಯಾಕೆ ಕಳಿಸಿದಿರಿ ಎನ್ನಬಹುದು. ಒಂದಲ್ಲ ಒಂದು ದಿನ ಕರೆಂಟು ಹೋಗಿ ಬರುತ್ತದೆ, ಮದರ್‌ಬೋರ್ಡಿನ ಕೆಪಾಸಿಟರ್ ಉಬ್ಬುತ್ತದೆ. ಆ ಬೋರ್ಡು ಎಸ್‌ಪಿ ರೋಡಿನಲ್ಲೂ ಸಿಗುವುದಿಲ್ಲ. ಮಾಲೀಕರ ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿರುತ್ತಾನೆ. "ಮಾವ, ಡಿಸ್ಕ್ ಹಾಗೇ ಎತ್ತಿ ಹೊಸ ಪಿಸಿಲಿ ವರ್ಚುವಲ್ ಮೆಷಿನ್ ಮಾಡ್ಬೋದು" ಎನ್ನುತ್ತಾನೆ. ಅವನು ಇಳಿಸಿಕೊಳ್ಳುವುದು ಆ ದಿನ ಸಿಗುವ ಅತಿ ಹೊಸ ಆವೃತ್ತಿ. ಅದರಲ್ಲಿ ನಿಮ್ಮ ಪ್ಯಾಚ್ ಇರುತ್ತದೆ. ಹಳೆಯದು ಬೇಕಾದವರು ತಂತ್ರಾಂಶ ಹೊಸದು ಮಾಡುವುದಿಲ್ಲ, ಹೊಸದು ಮಾಡುವವರಿಗೆ ಹಳೆಯದು ಬೇಕಾಗುವುದಿಲ್ಲ ಎಂಬ ಲೆಕ್ಕಾಚಾರ ವರ್ಷದ 364 ದಿನ ಸರಿ. ಉಳಿದ ಒಂದು ದಿನ ಶೆಡ್ಡಿನಲ್ಲಿ ಕೆಲಸ ನಿಂತಿರುತ್ತದೆ.

ಹಂತ 3: ಸಾರಿ ಹೇಳಿ

ಕ್ಯೂಎಮುವಿನಲ್ಲಿ ಇದಕ್ಕೆ ಕ್ರಮವಿದೆ, ಕ್ರಮ ಚೆನ್ನಾಗಿಯೂ ಇದೆ. ತೆಗೆಯಬೇಕಾದ್ದನ್ನು ಮೊದಲು "ಹೋಗಲಿರುವ" ಪಟ್ಟಿಗೆ ಸೇರಿಸುತ್ತಾರೆ. ಎರಡು ಬಿಡುಗಡೆಗಳ ತನಕ ಅದು ಅಲ್ಲೇ ಇರಬೇಕು, ಆಮೇಲೆ ಕೀಳಬಹುದು. ವರ್ಷಕ್ಕೆ ಮೂರು ಬಿಡುಗಡೆ, ಹಾಗಾಗಿ ಹತ್ತಿರಹತ್ತಿರ ಎಂಟು ತಿಂಗಳ ಗಡುವು. ಕ್ಯೂಎಮು ತೋರಿಸುವ ಪಿಸಿಗೂ ಆವೃತ್ತಿ ಸಂಖ್ಯೆ ಇರುತ್ತದೆ, ಅದಕ್ಕೆ ಮೆಷಿನ್ ಟೈಪ್ ಎನ್ನುತ್ತಾರೆ. ಇವುಗಳಿಗೆ ಗಡುವು ಉದ್ದ: ಮೂರು ವರ್ಷಕ್ಕೆ ಎಚ್ಚರಿಕೆ, ಆರು ವರ್ಷಕ್ಕೆ ನಿರ್ಗಮನ.

ಈ ಮೆಷಿನ್ ಟೈಪ್ ಇಡೀ ಕಸುಬಿನ ಜಾಣತನ. ಎಂಪಿಎಕ್ಸ್ ತೆಗೆದದ್ದನ್ನೇ ನೋಡಿ. 2019ರಲ್ಲಿ ಬಂದ ಕ್ಯೂಎಮು 4.0, ಸ್ಕೈಲೇಕ್ ಮುಂತಾದ ಹೆಸರಿನ ಪ್ರೊಸೆಸರ್ ಮಾದರಿಗಳಲ್ಲಿ ಎಂಪಿಎಕ್ಸ್ ಇಲ್ಲ ಎನ್ನತೊಡಗಿತು. ಆದರೆ 3.1 ಅಥವಾ ಅದಕ್ಕೂ ಹಿಂದಿನ ಮೆಷಿನ್ ಟೈಪ್ ಬೇಕು ಎಂದು ಕೇಳಿ ಬಂದ ಗೆಸ್ಟ್‌ಗೆ ಮಾತ್ರ ಹಳೇ ಉತ್ತರವನ್ನೇ ಕೊಟ್ಟಿತು. ಹೊಸಬರಿಗೆ ಹೊಸ ಮಾತು, ಹಳಬರಿಗೆ ಕೊಟ್ಟ ಮಾತು. ಮೇಲ್ನೋಟಕ್ಕೆ ಎರಡು ನಾಲಿಗೆ ಅನ್ನಿಸಿದರೂ ಇದಕ್ಕಿಂತ ಮರ್ಯಾದೆಯ ದಾರಿ ನನಗೆ ಕಂಡಿಲ್ಲ.

ತೊಂದರೆ ಇರುವುದು ಸಾರುವ ಜಾಗದಲ್ಲಿ. ಎಚ್ಚರಿಕೆ ಅಚ್ಚಾಗುವುದು ಪ್ರೋಗ್ರಾಂ ಶುರುವಾಗುವಾಗ, ಯಾರೂ ತೆರೆಯದ ಲಾಗಿನಲ್ಲಿ. ಪಟ್ಟಿ ಇರುವುದು ಯಾರೂ ಓದದ ದಾಖಲೆಯ ತುದಿಯಲ್ಲಿ. ನೋಟೀಸು ಬರೆಯುವುದನ್ನು ಬೆಸ್ಕಾಂನವರ ಪ್ರಕಟಣೆಯಿಂದ ಕಲಿಯಿರಿ. "ನಿರ್ವಹಣಾ ಕಾಮಗಾರಿ ಪ್ರಯುಕ್ತ" ಎಂದು ಶುರುಮಾಡಿ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಆಮೇಲೆ ಒಂದೊಂದೇ ಬಡಾವಣೆಯ ಹೆಸರು, ಕೊನೆಗೆ "ಸುತ್ತಮುತ್ತಲ ಪ್ರದೇಶಗಳು". ಓದುವವರು ಕಾರಣ ನೋಡುವುದಿಲ್ಲ, ತಮ್ಮ ಬಡಾವಣೆ ಇದೆಯೇ ಎಂದು ಹುಡುಕುತ್ತಾರೆ, ಇದ್ದರೆ ಟ್ಯಾಂಕಿಗೆ ನೀರು ಹತ್ತಿಸಿಕೊಳ್ಳುತ್ತಾರೆ. ನಿಮ್ಮ ನೋಟೀಸಿನಲ್ಲಿ ಕಾರಣ ಮೂರು ಪುಟ ಇರುತ್ತದೆ. ಯಾರಿಗೆ ಏನು ನಿಲ್ಲುತ್ತದೆ ಎಂಬುದು ಇರುವುದಿಲ್ಲ. ತಿರುಗಿಸಿ ಬರೆಯಿರಿ. ಎಕ್ಸ್‌ಪಿ ಓಡಿಸುವವರಿಗೆ ಏನಾಗುತ್ತದೆ, ಡಾಸ್ ಓಡಿಸುವವರಿಗೆ ಏನಾಗುತ್ತದೆ, ಉಳಿದವರಿಗೆ ಏನೂ ಆಗುವುದಿಲ್ಲ, ಇಷ್ಟು ಸಾಕು.

ಹಂತ 4: ಅಳಿಸಿ

ಅಳಿಸಿ.

ಹಂತ 5: ಓಡುತ್ತಿರುವವರನ್ನು ಮರೆಯಬೇಡಿ

ಗೆಸ್ಟ್ ಒಂದು ಸಲ ಕೇಳಿ ತಿಳಿದುಕೊಂಡದ್ದನ್ನು ಸಾಮಾನ್ಯವಾಗಿ ಮತ್ತೆ ಕೇಳುವುದಿಲ್ಲ. ಬೆಳಿಗ್ಗೆ ಎದ್ದಾಗ "ಇದೆ" ಎಂದಿದ್ದರೆ ತಿಂಗಳುಗಟ್ಟಲೆ ಇದೆ ಎಂದೇ ನಂಬಿಕೊಂಡು ಓಡುತ್ತದೆ. ಡೇಟಾ ಸೆಂಟರುಗಳಲ್ಲಿ ಓಡುತ್ತಿರುವ ಗೆಸ್ಟನ್ನು ನಿಲ್ಲಿಸದೆಯೇ ಒಂದು ಸರ್ವರಿನಿಂದ ಇನ್ನೊಂದಕ್ಕೆ ಎತ್ತಿಡುತ್ತಾರೆ, ಲೈವ್ ಮೈಗ್ರೇಶನ್ ಎಂದು. ಈ ಕಡೆ ಇದ್ದ ಫೀಚರು ಆ ಕಡೆ ಇಲ್ಲದಿದ್ದರೆ ಗೆಸ್ಟ್ ಅದನ್ನು ಬಳಸಲು ಹೋದ ಕ್ಷಣ ಕುಸಿಯಬಹುದು.

ಟಿಎಸ್‌ಎಕ್ಸ್ ಪ್ರಕರಣ ಈ ಪಾಠವನ್ನು ಚೆನ್ನಾಗಿ ಹೊಡೆದು ಕಲಿಸಿತು. 2013ರ ಹ್ಯಾಸ್‌ವೆಲ್ ಪ್ರೊಸೆಸರಿನಲ್ಲಿ ಬಂದ ಫೀಚರು. ಹಲವು ಎಳೆಗಳು ಒಂದೇ ಮಾಹಿತಿಯನ್ನು ಬೀಗ ಹಾಕದೆ ಬಳಸಲು ಅನುಕೂಲ. 2014ರಲ್ಲಿ ಅದರಲ್ಲೊಂದು ದೋಷ ಸಿಕ್ಕಿ ಇಂಟೆಲ್ ಮೈಕ್ರೋಕೋಡ್ ಕಳಿಸಿ ಆರಿಸಿತು. ಆಮೇಲಿನ ಪ್ರೊಸೆಸರುಗಳಲ್ಲಿ ಮತ್ತೆ ಬಂತು. 2019ರಲ್ಲಿ ಅದರ ಮೂಲಕ ಗುಟ್ಟು ಸೋರುತ್ತದೆ ಎಂದು ಗೊತ್ತಾಗಿ ಮತ್ತೆ ಆರಿಸುವ ಸರದಿ. ಕೊಂಡಾಗ ಇದ್ದ ಗುಣ ಮುಂದೊಂದು ರಾತ್ರಿ ಯಂತ್ರದಿಂದ ಮಾಯ! ಕ್ಯೂಎಮು ಪಾಪ ಏನು ಮಾಡೀತು? ಹ್ಯಾಸ್‌ವೆಲ್ ಎಂಬ ಮಾದರಿಯ ಜೊತೆಗೆ ಹ್ಯಾಸ್‌ವೆಲ್-ನೋಟಿಎಸ್‌ಎಕ್ಸ್ ಎಂದು ಇನ್ನೊಂದು ಮಾಡಿತು. ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷದ ಗಲಾಟೆಯ ನಂತರ ಹ್ಯಾಸ್‌ವೆಲ್-ನೋಟಿಎಸ್‌ಎಕ್ಸ್-ಐಬಿಆರ್‌ಎಸ್. ತಾತನ ಹೆಸರು, ಊರಿನ ಹೆಸರು, ಮನೆ ಮಾರಿದ ವಿವರ ಎಲ್ಲವೂ ಇನಿಷಿಯಲ್ಲಿನಲ್ಲೇ ಇದೆ.

ಆದ್ದರಿಂದ ಓಡುತ್ತಿರುವ ಗೆಸ್ಟಿಗೆ ಕೊಟ್ಟ ಮಾತು ಅದು ಪವರ್ ಆಫ್ ಆಗುವ ತನಕ ನಡೆಯಲೇಬೇಕು. ಸರ್ವರ್ ಗೆಸ್ಟುಗಳು ಪವರ್ ಆಫ್ ಆಗುವುದು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ. ಕಾಯಿರಿ.

"ಇರ್ಲಿ ಬಿಡಿ, ಪಾಪ" ಎನ್ನುವವರಿಗೆ

ಇಷ್ಟೆಲ್ಲ ರಗಳೆ ಯಾಕೆ, ಹಳೇ ಕೋಡು ತಿನ್ನಕ್ಕೆ ಕೇಳುತ್ತಾ, ಉಡಕ್ಕೆ ಕೇಳುತ್ತಾ ಎನ್ನುವ ದಯಾವಂತರು ಪ್ರತಿ ಆಫೀಸಿನಲ್ಲೂ ಇದ್ದಾರೆ. ಅವರಿಗೆ ವೆನಮ್ ಎಂಬ ದೋಷದ ಕಥೆ ಹೇಳಿ.

2015ರ ಮೇ ತಿಂಗಳಲ್ಲಿ ಅದು ಬಯಲಿಗೆ ಬಂತು. ಗೆಸ್ಟ್ ಒಳಗಿದ್ದ ದುಷ್ಟ ಗೋಡೆ ಒಡೆದು, ಹೈಪರ್‌ವೈಸರ್ ಓಡುವ ಹೋಸ್ಟ್ ಯಂತ್ರಕ್ಕೇ ನುಗ್ಗುವ ದಾರಿ. ಕ್ಯೂಎಮು, ಅದರ ಕೋಡನ್ನು ಎರವಲು ಪಡೆದ ಕ್ಸೆನ್, ಕೆವಿಎಂ, ವರ್ಚುವಲ್‌ಬಾಕ್ಸ್ ಎಲ್ಲಕ್ಕೂ ತಟ್ಟಿತು. ಬಿರುಕು ಇದ್ದದ್ದು ಎಲ್ಲಿ? ಫ್ಲಾಪಿ ಡ್ರೈವ್ ನಟಿಸುವ ಕೋಡಿನಲ್ಲಿ. ಅದು ಅಲ್ಲಿ ಕೂತಿದ್ದದ್ದು 2004ರಿಂದ. ಹನ್ನೊಂದು ವರ್ಷ ಅದರ ಮುಂದೆಯೇ ಎಲ್ಲರ ಕೆಲಸ ನಡೆಯಿತು. "ನಮ್ಮಲ್ಲಿ ಫ್ಲಾಪಿಯೇ ಇಲ್ಲ" ಎಂದು ಸೆಟ್ಟಿಂಗಿನಲ್ಲಿ ಫ್ಲಾಪಿ ತೆಗೆದುಹಾಕಿದವರೂ ಪಾರಾಗಲಿಲ್ಲ. ಕೆಲವು ಕಡೆ ಡ್ರೈವ್ ತೆಗೆದರೂ ಅದನ್ನು ಆಡಿಸುವ ಕಂಟ್ರೋಲರಿನ ಕೋಡು ಒಳಗೆ ಜೀವಂತವಾಗಿಯೇ ಇತ್ತು. ಬಾಗಿಲಿಗೆ ಪರದೆ ಹಾಕಿದ್ದರು, ಗೋಡೆ ಕಟ್ಟಿರಲಿಲ್ಲ.

ಆದ್ದರಿಂದ ದಯೆ ತೋರಿಸುವುದಾದರೆ ಹಂತ 2 ಮತ್ತು 3ರಲ್ಲಿ ತೋರಿಸಿ. ಹಂತ 4ರಲ್ಲಿ ಬೇಡ. ಆಫ್ ಮಾಡುವ ಸ್ವಿಚ್ ಇಟ್ಟು ಕೋಡು ಉಳಿಸುವ ರಾಜಿಸೂತ್ರ ಎಲ್ಲಕ್ಕಿಂತ ಕೆಟ್ಟದ್ದು: ಬಳಸುವವರಿಗೂ ಸಿಗುವುದಿಲ್ಲ, ಕಳ್ಳನಿಗೆ ಮಾತ್ರ ಸಿಗುತ್ತದೆ.

ತೊಂದರೆ ಮತ್ತು ಪರಿಹಾರ

ತೊಂದರೆ: ವರ್ಚುವಲ್ ಮೆಷಿನ್ ಮಾಡಿದ ಎಕ್ಸ್‌ಪಿ ನೀಲಿ ಪರದೆಯಲ್ಲಿ 0x7ಬಿ ಎನ್ನುತ್ತದೆ. ಪರಿಹಾರ: ನಿಮ್ಮ ಪ್ಯಾಚಿನ ತಪ್ಪಲ್ಲ. ಎಕ್ಸ್‌ಪಿಗೆ ಗೊತ್ತಿಲ್ಲದ ಡಿಸ್ಕ್ ಕಂಟ್ರೋಲರ್ ಕೊಟ್ಟಿದ್ದಾರೆ. ಐಡಿಇ ಮಾಡಲು ಹೇಳಿ. ಬೈಗುಳ ಹೇಗೂ ನಿಮಗೇ ಬಿದ್ದಿರುತ್ತದೆ, ಇಟ್ಟುಕೊಳ್ಳಿ.

ತೊಂದರೆ: ಹಳೇ ಪಿಸಿಯಲ್ಲಿ ವರ್ಚುವಲ್‌ಬಾಕ್ಸ್ ಹೊಸದು ಹಾಕಿದರೆ ಏನೂ ಓಡುವುದಿಲ್ಲ. ಪರಿಹಾರ: 2019ರ ಕೊನೆಯಲ್ಲಿ ಬಂದ 6.1ರಿಂದ, ಪ್ರೊಸೆಸರಿನಲ್ಲೇ ವರ್ಚುವಲೈಸೇಶನ್ ನೆರವು ಇಲ್ಲದ ಯಂತ್ರಗಳನ್ನು ಅದು ಕೈಬಿಟ್ಟಿದೆ. ನೆರವು ಇದ್ದೂ ಬಯಾಸ್‌ನಲ್ಲಿ ಆಫ್ ಇರಬಹುದು, ಮೊದಲು ಅದನ್ನು ನೋಡಿ.

ತೊಂದರೆ: ಉಲ್ಟಾ. ಗೆಸ್ಟ್ ತೀರಾ ಹೊಸದು, ರೆಡ್ ಹ್ಯಾಟ್ 9ರ ಬಗೆಯದು. ಎದ್ದೇಳುವ ಮೊದಲೇ "ಈ ಪ್ರೊಸೆಸರ್ ಸಾಲದು" ಎಂದು ಮಲಗುತ್ತದೆ. ಯಂತ್ರ ನೋಡಿದರೆ ಹೋದ ವರ್ಷದ್ದು. ಪರಿಹಾರ: ಕ್ಯೂಎಮು ಯಾರ ಮನಸ್ಸನ್ನೂ ನೋಯಿಸದಿರಲೆಂದು ತಾನಾಗಿ ತೋರಿಸುವ ಪ್ರೊಸೆಸರ್ ಮಾದರಿ ತೀರಾ ಬಡಪಾಯಿ. ಮಾದರಿಯನ್ನು "ಹೋಸ್ಟ್" ಎಂದು ಬದಲಾಯಿಸಿ. ಹಳಬರಿಗಾಗಿ ಉಳಿಸಿದ ಸಂಕೋಚ ಹೊಸಬರಿಗೆ ಮುಳುವಾಗುವುದೂ ಉಂಟು.

ತೊಂದರೆ: "ಮುಂಚೆ ಓಡ್ತಿತ್ತು." ಪರಿಹಾರ: ಹೌದು, ಓಡುತ್ತಿತ್ತು. ಹಳೇ ಆವೃತ್ತಿಯನ್ನು ಎಲ್ಲಿಂದ ಇಳಿಸಿಕೊಳ್ಳಬಹುದೆಂದು ತಿಳಿಸಿ, ಆ ಪಿಸಿಗೆ ಇಂಟರ್‌ನೆಟ್ ಕೇಬಲ್ ಹಾಕಬೇಡಿ ಎಂದೂ ಹೇಳಿ.

ಖಾತರಿ

ಖಾತರಿ ಇಲ್ಲ. ಪ್ರೊಸೆಸರ್ ಮಾಡುವವರಿಗೇ ಇದು ಸರಿಹೋಗಿಲ್ಲ. ಹದಿನಾರು ಬಿಟ್ಟಿನ ಕಾಲದ ಹೊರೆಯನ್ನು ಇಳಿಸಿ ನೇರ 64 ಬಿಟ್‌ನಲ್ಲೇ ಕಣ್ಣುಬಿಡುವ ಪ್ರೊಸೆಸರ್ ಮಾಡೋಣ ಎಂದು ಇಂಟೆಲ್ 2023ರ ಮೇನಲ್ಲಿ ಎಕ್ಸ್86-ಎಸ್ ಎಂಬ ಪ್ರಸ್ತಾವ ಇಟ್ಟಿತು. ಹಳೇ ಆಪರೇಟಿಂಗ್ ಸಿಸ್ಟಮ್ ಓಡಿಸುವವರ ಗತಿ ಏನು ಎಂದರೆ, ಅದನ್ನು ವರ್ಚುವಲೈಸೇಶನ್ ತಂತ್ರಾಂಶ ನಟಿಸಿಕೊಡಲಿ ಎಂಬುದು ಅದರ ಉತ್ತರ. ನೀವು ಕೀಳಲು ಕುಳಿತ ಹೊತ್ತಿಗೆ ಅವರು ನಿಮ್ಮ ಅಂಗಳಕ್ಕೇ ಹೊರೆ ಇಳಿಸಲು ಗಾಡಿ ಕಟ್ಟಿದ್ದರು. 2024ರ ಡಿಸೆಂಬರಿನಲ್ಲಿ ಇಂಟೆಲ್ ಆ ಪ್ರಸ್ತಾವವನ್ನೇ ಕೈಬಿಟ್ಟಿತು. ಗಾಡಿ ಸದ್ಯಕ್ಕೆ ವಾಪಸ್ ಹೋಗಿದೆ.

ಲಿನಕ್ಸ್ ಕರ್ನಲ್‌ನವರಿಗೆ ಇಷ್ಟು ಮುಲಾಜಿಲ್ಲ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದದ್ದೇ 386 ಪ್ರೊಸೆಸರಿನ ಮೇಲೆ. 2012ರ ಡಿಸೆಂಬರಿನಲ್ಲಿ ಅದರ ಬೆಂಬಲ ತೆಗೆಯುವ ಪ್ಯಾಚನ್ನು ಇಂಗೊ ಮೊಲ್ನಾರ್ ಕಳಿಸಿದಾಗ, ನನಗೇನೂ ಭಾವುಕತೆಯಿಲ್ಲ, ತೊಲಗಲಿ ಎಂಬ ಅರ್ಥದ ಒಂದು ಸಾಲು ಬರೆದು ಟೊರ್ವಾಲ್ಡ್ಸ್ ಅದನ್ನು ಸೇರಿಸಿಕೊಂಡರು. 2025ರ ಏಪ್ರಿಲ್‌ನಲ್ಲಿ ಅದೇ ಮೊಲ್ನಾರ್ 486ನ್ನೂ, ಅದರ ಬೆನ್ನಿಗೆ ಬಂದ ಆರಂಭದ ಪೆಂಟಿಯಂ ಸರೀಕರನ್ನೂ ತೆಗೆಯುವ ಪ್ಯಾಚುಗಳ ಕಂತೆ ಹಿಡಿದು ಬಂದರು.

ಕ್ಯೂಎಮುವಿನ ಪ್ರೊಸೆಸರ್ ಪಟ್ಟಿಯಲ್ಲಿ 486 ಎಂಬ ಮಾದರಿ ಈ ಕೈಪಿಡಿ ಬರೆಯುವಾಗ ಇನ್ನೂ ಇದೆ. ಅದನ್ನು ಕೀಳಲು ಹೊರಡುವವರು ಹಂತ 2ರಿಂದ ಶುರುಮಾಡಿ. ಪೀಣ್ಯಕ್ಕೆ ಭಾನುವಾರ ಹೋಗಬೇಡಿ, ಷಟರ್ ಎಳೆದಿರುತ್ತಾರೆ.